ಬಾಕ್ಸಿಂಗ್ ಧಾಟಿಯ ಭಜನೆ

ಕೆಸುವಿನೆಲೆಯ ನಾರು ತೆಗೆದು, ಬೆನ್ನು ಮೇಲೆ ಮಾಡಿ ಮಣೆಯ ಮೇಲೆ ಹಾಸಿ ಹಿಟ್ಟು ಸವರುತ್ತಿದ್ದೆ. ಮಳೆಗಾಲದಲ್ಲಿ ಭಾಂಡುಪ್ ಸ್ಟೇಷನ್ನಿನ ಹೊರಗೆ ಕೆಸುವಿನೆಲೆಯ ಕಟ್ಟು ಕಂಡ ದಿನ ನಮ್ಮ ಮನೆಯಲ್ಲಿ ಪತ್ರೊಡೆ, ಅದರಲ್ಲಿ ಎರಡು ಮಾತಿಲ್ಲ. ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟಾಗಿತ್ತು. ಪರೇಲಿನ ಆಫೀಸಿಗೆ ಹೋಗದೆ ಆವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಗಳು ಒಳಕೋಣೆಯಿಂದ ಓಡಿಬಂದು ಫೋನನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಅಮ್ಮಾ, ಫೋರ್ತ್ ಪಾರ್ಟ್! ಟ್ರೇಲರ್ ಆ ಗಯಾ!"

ನಮ್ಮ ಮನೆಯಲ್ಲಿ ಯಾವುದರ ಪಾರ್ಟ್ ಎಂದು ಕೇಳುವ ಪ್ರಮೇಯವಿಲ್ಲ. ಬೀಗ ಬಿದ್ದ ಮಿಲ್ಲಿನ ಕಾರ್ಮಿಕನ ಮಗನೊಬ್ಬ ಬಾಕ್ಸರ್ ಆಗುವ ಆ ಹಿಂದಿ ಸಿನಿಮಾ ಇಪ್ಪತ್ತು ವರ್ಷಗಳಿಂದ ನಮ್ಮೊಂದಿಗೇ ಬದುಕಿದೆ. ಮೂರು ಭಾಗ ಬಂದಿತ್ತು. ಮೂರನ್ನೂ ನನ್ನ ಯಜಮಾನರು ಎಷ್ಟು ಸಲ ನೋಡಿದ್ದಾರೋ ಅವರಿಗೇ ನೆನಪಿಲ್ಲ. ಫೋನಿನಲ್ಲಿ ಆ ಹೀರೋ ಕಾಣಿಸಿದ. ತಲೆ ಪೂರ್ತಿ ನರೆತಿತ್ತು, ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಕೈ ನಡುಗುತ್ತಿತ್ತು. ರಿಂಗಿನೊಳಗೆ ಇದ್ದವಳು ಒಬ್ಬ ಹುಡುಗಿ. ಅವಳು ಏಟು ತಿಂದು ಬಿದ್ದಳು. ಆಗ ಶುರುವಾಯಿತು ಆ ರಾಗ. ಮೊದಲು ಒಂಟಿ ಢೋಲು, ಎದೆ ಬಡಿದ ಹಾಗೆ. ಅದರ ಮೇಲೆ ಮೆಲ್ಲಗೆ ಏರುವ ಶಹನಾಯಿ.

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಕುಣಿಯುತ್ತಿದ್ದ ಮಗಳು ನನ್ನ ಮುಖ ನೋಡಿ ನಿಲ್ಲಿಸಿದಳು. "ಕ್ಯಾ ಹುವಾ? ಒಳ್ಳೇದಿಲ್ಲ?"

"ಒಳ್ಳೇದುಂಟು. ಅದನ್ನು ನಿಲ್ಲಿಸು."

ಅವಳಿಗೂ ಹೊಳೆಯಿತು. "ದೊಡ್ಡಕ್ಕ!" ಎಂದು ಬಾಯಿಗೆ ಕೈ ಹಿಡಿದಳು.

ದೊಡ್ಡಕ್ಕ ಎಂದರೆ ನಮ್ಮ ಭಜನಾ ಮಂಡಳಿಯ ಹಿರಿಯರು, ಎಂಬತ್ತರ ಹತ್ತಿರದವರು. ಸಯನ್‌ನ ಅವರ ಫ್ಲ್ಯಾಟಿನಲ್ಲಿ ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ನಾವು ಹನ್ನೆರಡು ಮಂದಿ ಹೆಂಗಸರು ಸೇರುತ್ತೇವೆ. ನಾವೂ ಮೊದಲು ಸಯನ್‌ನ ಚಾಳಿನಲ್ಲೇ ಇದ್ದೆವು. ಯಜಮಾನರು ಅಲ್ಲಿಯ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಭಾಂಡುಪಿಗೆ ಬಂದ ಮೇಲೂ ನಾನು ಲೋಕಲ್ ಹಿಡಿದು ಹೋಗುವುದನ್ನು ಬಿಟ್ಟಿಲ್ಲ. ಭಜನೆಯ ಪುಸ್ತಕಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ "ಧಾಟಿ" ಎಂದು ಬರೆದು, ಯಾವ ಹಾಡಿನ ರಾಗದಲ್ಲಿ ಹೇಳಬೇಕೆಂದು ಕಾಣಿಸುವುದು ವಾಡಿಕೆ. ಬೇರೆ ಮಂಡಳಿಗಳಲ್ಲಿ ಆ ಜಾಗದಲ್ಲಿ ಸಿನಿಮಾ ಹಾಡುಗಳ ಹೆಸರೇ ಇರುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮಲ್ಲಿ ಮಾತ್ರ ದೊಡ್ಡಕ್ಕನ ಕಟ್ಟುನಿಟ್ಟು. ಸಿನಿಮಾ ಧಾಟಿ ಹೊಸಿಲು ದಾಟಿ ಒಳಗೆ ಬರಕೂಡದು. ಅವರು ಜೀವಮಾನದಲ್ಲಿ ಥಿಯೇಟರಿನ ಮೆಟ್ಟಿಲು ಹತ್ತಿದವರಲ್ಲ.

ನಾನು ಕಟ್ಟಿದ ಒಂದು ದೇವಿ ಅಮ್ಮನ ಭಜನೆಯನ್ನು ಇಪ್ಪತ್ತು ವರ್ಷಗಳಿಂದ ಪ್ರತಿ ನವರಾತ್ರಿಯಲ್ಲಿ ಮಂಡಳಿ ಹೇಳುತ್ತ ಬಂದಿದೆ. "ಬಿದ್ದವಳ ತೋಳಿಗೆ ನಿನ್ನ ತೋಳು ಕೊಡು ತಾಯೇ" ಎಂದು ಅದರ ಪಲ್ಲವಿ. ಮೊದಲ ಸಲ ಹೇಳಿದಾಗ ದೊಡ್ಡಕ್ಕ ಕಣ್ಣೊರೆಸಿಕೊಂಡು, "ಎಲ್ಲಿಯದು ಮಾರಾಯ್ತಿ ಈ ಧಾಟಿ?" ಎಂದು ಕೇಳಿದ್ದರು. ನನ್ನ ನಾಲಗೆ ಆಡಿಬಿಟ್ಟಿತು: "ನಮ್ಮ ಊರಿನದು ದೊಡ್ಡಕ್ಕ. ಹಳೇದು." ಮಂಡಳಿಯ ಪುಸ್ತಕ ಅಚ್ಚಾದಾಗ ಅವರು ಆ ಭಜನೆಯ ತಲೆಯ ಮೇಲೆ "ಧಾಟಿ: ಪಾರಂಪರಿಕ" ಎಂದು ಹಾಕಿಸಿದರು. ಊರಿನಿಂದ ಬಂದ ಪುರೋಹಿತರ ಮುಂದೆ, ಬೀಗರ ಮುಂದೆ, "ಇದು ನಮ್ಮ ಕಡೆಯ ಹಳೇ ಧಾಟಿ, ಈಗ ಊರಲ್ಲಿಯೂ ಯಾರಿಗೂ ಬರುವುದಿಲ್ಲ" ಎಂದು ಹೇಳಿಕೊಂಡರು. ಊರಲ್ಲಿ ಯಾರಿಗೂ ಬರುವುದಿಲ್ಲ ಎಂಬ ಮಾತಂತೂ ನಿಜವೇ ಆಗಿತ್ತು.

ಪತ್ರೊಡೆಯ ಮೊದಲ ಸುರುಳಿ ಸುತ್ತಿ ಮುಗಿಸುವ ಮೊದಲೇ ಫೋನು ಬಂತು. ಮಗಳು ಅದನ್ನು ನನ್ನ ಕಿವಿಗೆ ಹಿಡಿದಳು.

"ಮೊಮ್ಮಗ ಎಂಥದೋ ಹಾಕಿದ್ದಾನೆ ಇಲ್ಲಿ," ಎಂದರು ದೊಡ್ಡಕ್ಕ. ಸ್ವರ ಬಹಳ ತಣ್ಣಗಿತ್ತು. "ಒಬ್ಬಳು ಚಡ್ಡಿ ಹಾಕಿಕೊಂಡು ಇನ್ನೊಬ್ಬಳ ಮೂಗಿಗೆ ಗುದ್ದುವಾಗ ನಮ್ಮ ಅಮ್ಮನ ಭಜನೆ ಬರ್ತಾ ಉಂಟು. ಅವರು ನಿನ್ನ ಊರಿಗೆ ಬಂದು ಕದ್ದದ್ದಾ?"

ನಾನು ಸುರುಳಿಯ ತುದಿಯನ್ನು ಒಳಕ್ಕೆ ಮಡಚಿದೆ.

"ನವರಾತ್ರಿಯ ಪಟ್ಟಿ ಮಾಡುವ ಶುಕ್ರವಾರ ಮಾತಾಡುವ. ಅಲ್ಲಿವರೆಗೆ ಅದನ್ನು ಹೇಳುವುದು ಬೇಡ. ನನ್ನ ಕೇಳಿದರೆ, ಮುಂದೆಯೂ ಬೇಡ."

ಹೇಳುವುದು ಬೇಡ. ಆ ದಿನದ ಪತ್ರೊಡೆ ಎಷ್ಟು ಹೊತ್ತು ಬೆಂದಿತೋ ನನಗೆ ಗೊತ್ತಿಲ್ಲ.

ಆ ಧಾಟಿ ನನ್ನ ಬಾಯಿಗೆ ಬಂದ ಬಗೆಯನ್ನು ಇಲ್ಲಿ ಹೇಳಲೇಬೇಕು. ಆಗ ಯಜಮಾನರಿಗೆ ಹೊಟ್ಟೆಯ ಆಪರೇಷನ್ ಆಗಿ ಪರೇಲಿನ ಆಸ್ಪತ್ರೆಯಲ್ಲಿದ್ದರು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಒಳಗೆ ಬಿಡುತ್ತಿದ್ದರು. ನಡುವಿನ ಹೊತ್ತು ಆರು ವರ್ಷದ ಮಗಳನ್ನು ಕಟ್ಟಿಕೊಂಡು ಎಲ್ಲಿ ಕೂರುವುದು? ಬೇಸಿಗೆಯ ಬಿಸಿಲಿನಲ್ಲಿ ಬೆಂಚು ಕಾದ ಕಾವಲಿಯಾಗಿತ್ತು. ರಸ್ತೆಯ ಆಚೆ ಒಂದು ಹಳೆಯ ಥಿಯೇಟರಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು. ಮಗು ನಿದ್ದೆಯಾದರೂ ಮಾಡಲಿ ಎಂದು ಒಳಹೊಕ್ಕೆ. ನನಗೆ ಆಗ ಹಿಂದಿ ಅರ್ಧಂಬರ್ಧ. ಆದರೆ ಅವನು ಬಿದ್ದ, ರೆಫರಿ ಬೆರಳೆತ್ತಿ ಎಣಿಸತೊಡಗಿದ. ಎಣಿಕೆ ಯಾರಿಗೆ ತಿಳಿಯುವುದಿಲ್ಲ? ಏಳು, ಎಂಟು. ಆಗ ಢೋಲು, ಶಹನಾಯಿ. ಅವನು ಎದ್ದ. ನಾನು ಕತ್ತಲೆಯಲ್ಲಿ ಕೂತು ಹೊಟ್ಟೆಯಲ್ಲಿದ್ದ ಅಳುವನ್ನೆಲ್ಲ ಅತ್ತೆ. ಎಂಟು ದಿನದಿಂದ ಅಳಲೂ ಜಾಗ ಸಿಕ್ಕಿರಲಿಲ್ಲ.

ದೀಪ ಹಚ್ಚುವಾಗ ಆ ದಿನದ ಕೃಪೆಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಆವತ್ತು ಎಣಿಸಿದ್ದು ಈಗಲೂ ನೆನಪಿದೆ. ಫ್ಯಾನಿನ ಗಾಳಿ ಒಂದು. ಮಗುವಿನ ನಿದ್ದೆ ಎರಡು. ಆ ರಾಗ ಮೂರು.

ಮತ್ತೆ ನಾಲ್ಕು ದಿನಕ್ಕೆ ಅವರನ್ನು ನಡೆಸಿ ಎಂದರು ಡಾಕ್ಟರು. ಇವರು ಹಾಸಿಗೆ ಬಿಡಲು ಒಪ್ಪಲಿಲ್ಲ. ಮೂಗಿನಲ್ಲಿ ನಳಿಕೆ, ಮುಖದಲ್ಲಿ ಹೆದರಿಕೆ. ನಾನು ತೋಳಿಗೆ ತೋಳು ಕೊಟ್ಟು, ಕಿವಿಯ ಹತ್ತಿರ ಆ ರಾಗವನ್ನು ಗುನುಗುತ್ತ ಹತ್ತು ಹೆಜ್ಜೆ ನಡೆಸಿದೆ. ಮರುದಿನ ಇಪ್ಪತ್ತು. ಮಾತು ಬೇಕಾದಾಗ ಅಮ್ಮನನ್ನು ಕರೆದೆ, ಕರೆದದ್ದು ಹಾಗೇ ಪಲ್ಲವಿಯಾಯಿತು. ಅದು ಹುಟ್ಟಿದ್ದು ಫಿನಾಯಿಲಿನ ವಾಸನೆಯ ಆಸ್ಪತ್ರೆಯ ಜಗುಲಿಯಲ್ಲಿ. ನನ್ನ ಪ್ರಕಾರ ಅದು ಶುದ್ಧವಾದ ಜಾಗವೇ.

ಹೊಸ ಸಿನಿಮಾಕ್ಕೆ ಹೊರಗೆ ಎದ್ದ ಗಲಾಟೆ ಬೇರೆ ಥರದ್ದು. ಫ್ಯಾನ್‌ಗಳೆಲ್ಲ ಸಿಟ್ಟಾಗಿದ್ದರು. ಮಗಳು ಅವರು ಬರೆದದ್ದನ್ನು ಓದಿ ಹೇಳುತ್ತಿದ್ದಳು. ಹೀರೋನನ್ನು ಮುದುಕ ಮಾಡಿ ಕೂರಿಸಿದರು, ನಮ್ಮ ಬಾಲ್ಯ ಹಾಳು ಮಾಡಿದರು, ಇದು ಬಾಕ್ಸಿಂಗ್ ಅಲ್ಲ ಹೆಂಗಸರ ಸೀರಿಯಲ್ಲು ಎಂದೆಲ್ಲ. ಎಲ್ಲರಿಗಿಂತ ದೊಡ್ಡ ಫ್ಯಾನ್ ನಮ್ಮ ಹಾಲಿನಲ್ಲೇ ಪೇಪರು ಹಿಡಿದು ಕೂತಿದ್ದರು.

"ನಾನು ನೋಡುವುದಿಲ್ಲ," ಎಂದರು ಯಜಮಾನರು. "ಬಿಲ್ಡಿಂಗಿನವರು ಎಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಅವನು ಟವೆಲು ಹಿಡಿದು ನಿಲ್ಲುವವನಾ? ಆ ರಾಗ ಅವನದ್ದು. ಯಾರೋ ಒಬ್ಬಳು ಬೀಳುವಾಗ ಅದನ್ನು ಬಾರಿಸಿದರೆ ಆಯ್ತಾ?"

ಸಯನ್‌ನಲ್ಲಿ ದೊಡ್ಡಕ್ಕ, ಗುದ್ದಾಟದ ರಾಗದಿಂದ ಭಜನೆ ಕೆಟ್ಟಿತು ಎನ್ನುತ್ತಿದ್ದರು. ಇಲ್ಲಿ ಇವರು, ಹುಡುಗಿಯಿಂದ ರಾಗ ಕೆಟ್ಟಿತು ಎನ್ನುತ್ತಿದ್ದರು. ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ ಇಬ್ಬರೂ ಒಂದೇ ಬಾಗಿಲಿಗೆ ಎರಡು ಕಡೆಯಿಂದ ಅಗಳಿ ಹಾಕಿದ್ದರು. ನಡುವೆ ನಿಂತವಳು ನಾನು.

"ನೀವು ಯಾವ ಬಾಕ್ಸರ್ ಆಗಿದ್ದಿರಿ?" ಎಂದೆ.

"ಅಂದರೆ?"

"ಪರೇಲಿನಲ್ಲಿ ನಿಮ್ಮ ಮೂಗಿನಲ್ಲಿ ನಳಿಕೆ ಇತ್ತು. ಪೈಜಾಮದ ಲಾಡಿ ಕಟ್ಟಿದ್ದು ನಾನು. ಆಗ ನಿಮ್ಮನ್ನು ಎಬ್ಬಿಸಲಿಕ್ಕೆ ಆ ರಾಗ ಆಗುತ್ತಿತ್ತು. ಅವನದ್ದೇ ಆದರೆ ನಿಮಗೆ ಹೇಗೆ ಕೊಟ್ಟ?"

ಒಳಗಿನಿಂದ ಮಗಳು, "ಪಪ್ಪಾ, ನಾಕ್ಔಟ್!" ಎಂದು ಕೂಗಿದಳು. ಇವರು ಪೇಪರನ್ನು ಇನ್ನೂ ಮೇಲಕ್ಕೆ ಎತ್ತಿಕೊಂಡರು.

ಸಿನಿಮಾ ಬಂದದ್ದು ಗಣಪತಿ ಮುಳುಗಿಸಿದ ಮೇಲೆ. ಅಷ್ಟರಲ್ಲಿ ಆರೇಳು ಶುಕ್ರವಾರ ನಾನು ಸಯನ್‌ಗೆ ಹೋಗಿ ಬಂದಿದ್ದೆ. ಪುಸ್ತಕದ ಆ ಪುಟ ಬಂದಾಗ ದೊಡ್ಡಕ್ಕ ಎರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ನನ್ನ ಸರದಿಯಲ್ಲಿ ಬೇರೆ ಯಾವುದೋ ಹೇಳಿ, ತಾಳ ಮುಂದಿನವರಿಗೆ ದಾಟಿಸುತ್ತಿದ್ದೆ. ಮನೆಯಲ್ಲಿ ದೀಪದ ಮುಂದೆ ಮಾತ್ರ ಬಿಡಲಿಲ್ಲ. ಬೇಡ ಎಂದದ್ದು ದೊಡ್ಡಕ್ಕ, ಅಮ್ಮನಲ್ಲ.

ಶನಿವಾರ ಮಧ್ಯಾಹ್ನ ಮಗಳು, "ಚಲ್ ನಾ ಅಮ್ಮ, ನಾವಿಬ್ಬರೇ," ಎಂದಳು. ಮಾಲಿನ ಥಿಯೇಟರು, ಸ್ವೆಟರ್ ಬೇಕೆನಿಸುವಷ್ಟು ಎಸಿ. ಫ್ಯಾನಿನ ಗಾಳಿಗೆಂದು ಹೊಕ್ಕ ಪರೇಲಿನ ಮಧ್ಯಾಹ್ನ ನೆನಪಾಯಿತು. ನಮ್ಮ ಮುಂದಿನ ಸಾಲಿನಲ್ಲಿ ನಲವತ್ತರ ಆಸುಪಾಸಿನ ಐದಾರು ಗಂಡಸರು, ಹೀರೋನ ಮೊದಲ ಭಾಗದ ಚಿತ್ರವಿರುವ ಮಾಸಿದ ಟೀಶರ್ಟು ಹಾಕಿಕೊಂಡು ಕೂತಿದ್ದರು. ಸಿನಿಮಾವನ್ನು ಹಳಿಯುವುದಕ್ಕೂ ಟಿಕೆಟು ತೆಗೆಯಲೇಬೇಕಲ್ಲ. ಹೀರೋನ ಕೈ ನಡುಗಿದಾಗಲೆಲ್ಲ ಅವರು ಸೀಟಿನಲ್ಲಿ ಹೊರಳಾಡುತ್ತಿದ್ದರು. ಹುಡುಗಿ ರಿಂಗಿಗೆ ಇಳಿದಾಗ ಒಬ್ಬ, "ಸೀರಿಯಲ್ ಚಾಲೂ!" ಎಂದು ಕೂಗಿದ. ಹಿಂದಿನ ಸಾಲಿನಲ್ಲಿ ಬೆರಳ ಗೆಣ್ಣಿಗೆ ಬಿಳಿ ಪಟ್ಟಿ ಸುತ್ತಿಕೊಂಡ ಮೂವರು ಹುಡುಗಿಯರಿದ್ದರು, ಎಲ್ಲೋ ಬಾಕ್ಸಿಂಗ್ ಕಲಿಯುವವರು. ಅವರಲ್ಲೊಬ್ಬಳು, "ಅಂಕಲ್, ಘರ್ ಜಾ ಕೆ ಸೋ ಜಾವೋ!" ಎಂದು ಹಿಂದಿನಿಂದಲೇ ಕೂಗಿದಳು. ನಗು ಎದ್ದಿತು.

ಕೊನೆಯ ಪಂದ್ಯದಲ್ಲಿ ಸಿನಿಮಾದ ಹುಡುಗಿ ಬಿದ್ದಳು. ಮುದಿ ಹೀರೋ ಹಗ್ಗದ ಆಚೆ ನೀರಿನ ಬಾಟಲಿ ಹಿಡಿದು ನಿಂತಿದ್ದ. ಕಣ್ಣು ಸರಿಯಾಗಿ ಕಾಣದೆ, ಅವಳು ಬಿದ್ದದ್ದು ಎಲ್ಲಿ ಎಂದು ಹುಡುಕುತ್ತಿದ್ದ. ಎಣಿಕೆ ಶುರುವಾಯಿತು. ಹಳಿಯಲು ಬಂದ ಗಂಡಸರೂ ಸುಮ್ಮನಾದರು. ಏಳು. ಎಂಟು. ಢೋಲು ಬಂತು.

ನನ್ನ ಕೈ ನನ್ನನ್ನು ಕೇಳಲಿಲ್ಲ. ಶುಕ್ರವಾರದ ತಾಳ ತಾನಾಗಿ ಬಿತ್ತು. ಬಾಯಿ ತೆರೆದರೆ ಬಂದದ್ದು ಭಜನೆ. ಒಂದೂವರೆ ತಿಂಗಳು ಮಂದಿಯ ಮುಂದೆ ಅದುಮಿಟ್ಟದ್ದಕ್ಕೋ ಏನೋ ಸ್ವರ ಜೋರಾಗಿಯೇ ಹೊರಟಿತು. ಮಗಳು ನನ್ನ ಕೈ ಹಿಡಿದು ನಿಲ್ಲಿಸುತ್ತಾಳೆ ಅಂದುಕೊಂಡೆ. ಅವಳೂ ಹೇಳತೊಡಗಿದಳು. ಹಿಂದಿ ಬೆರೆಸದೆ ಕನ್ನಡದ ಒಂದು ವಾಕ್ಯ ಮುಗಿಸಲು ತಡವರಿಸುವವಳು, "ಬಿದ್ದವಳ ತೋಳಿಗೆ" ಎಂಬಲ್ಲಿಂದ ಕೊನೆಯವರೆಗೆ ಒಂದಕ್ಷರ ತಪ್ಪಲಿಲ್ಲ.

ಮುಂದಿನ ಸಾಲಿನವನೊಬ್ಬ ತಿರುಗಿದ. ಕಣ್ಣು ಒದ್ದೆಯಾಗಿತ್ತು, ಅದನ್ನು ಅಡಗಿಸಲು ಹುಬ್ಬು ಗಂಟಿಕ್ಕಿದ್ದ. "ಆಂಟಿ, ಯೇ ಕೌನ್ ಸಾ ವರ್ಷನ್ ಹೈ?"

"ಹಮಾರಾ ವಾಲಾ," ಎಂದೆ.

ಮನೆಗೆ ಬಂದಾಗ ಯಜಮಾನರು ಬಾಗಿಲು ತೆರೆದು, ನಮ್ಮ ಚಪ್ಪಲಿ ನೋಡುತ್ತ ಕೇಳಿದರು. "ಸಾಯ್ತಾನಾ ಅವನು?"

"ಬೇಕಾದರೆ ಹೋಗಿ ನೋಡಿ ಬನ್ನಿ."

ಆ ಶನಿವಾರದ ದೀಪದ ಮುಂದೆ ಕೃಪೆಗಳನ್ನು ಎಣಿಸುವಾಗ ಒಂದು ಗೆಣ್ಣು ಚುಚ್ಚಿತು. ಧಾಟಿ ತಪ್ಪಲ್ಲ, ಅದರಲ್ಲಿ ನನಗೆ ಕೂದಲೆಳೆಯಷ್ಟೂ ಅನುಮಾನವಿಲ್ಲ. ಆದರೆ ಊರಿನದು ಎಂದದ್ದು ಸುಳ್ಳು. ಆ ಸುಳ್ಳನ್ನು ನಂಬಿ ಒಬ್ಬ ಹಿರಿಯ ಹೆಂಗಸು ಹತ್ತು ಜನರ ಮುಂದೆ ಹೇಳಿಕೊಂಡಿದ್ದಾರೆ. ಸುಳ್ಳಿಗೆ ತಲೆ ಬಾಗಿಸುತ್ತೇನೆ, ಧಾಟಿಗೆ ಬಾಗಿಸುವುದಿಲ್ಲ. ಅಷ್ಟನ್ನು ಗಟ್ಟಿ ಮಾಡಿಕೊಂಡೆ.

ಪಟ್ಟಿ ಮಾಡುವ ಶುಕ್ರವಾರ ದೊಡ್ಡಕ್ಕ ಮಂಡಿನೋವಿನ ಕುರ್ಚಿಯಲ್ಲಿ ಪುಸ್ತಕ ತೆರೆದು ಕೂತಿದ್ದರು. ನಾನು ಚೀಲ ಇಟ್ಟವಳೇ ಅವರ ಕಾಲು ಮುಟ್ಟಿದೆ.

"ಸಿನಿಮಾದ್ದು ದೊಡ್ಡಕ್ಕ. ನಾನು ನಿಮಗೆ ಸುಳ್ಳು ಹೇಳಿದೆ. ತಪ್ಪಾಯಿತು."

ತಾಳ ಹಿಡಿದಿದ್ದ ಗೆಳತಿ, ನನ್ನ ಪರ ವಹಿಸಲೆಂದೇ ಪಾಪ, "ಅದರಲ್ಲೇನು ದೊಡ್ಡಕ್ಕ, ಎಲ್ಲರಿಗೂ ಗೊತ್ತಿತ್ತಲ್ಲ," ಎಂದಳು.

ದೊಡ್ಡಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಬ್ಬೊಬ್ಬರೂ ಸೆರಗು, ಬಳೆ, ಜಮಖಾನದ ಅಂಚು ನೋಡಿಕೊಂಡರು.

"ಎಲ್ಲರಿಗೂ," ಎಂದರು ಅವರು. "ನನಗೊಬ್ಬಳಿಗೆ ಬಿಟ್ಟು."

ಅದು ನನಗೆ ಫೋನಿನಲ್ಲಿ ಬೈದದ್ದಕ್ಕಿಂತ ಹೆಚ್ಚು ನಾಟಿತು. ಆದರೂ ಅವರು ಕೆಂಪು ಪೆನ್ನು ತೆಗೆದಾಗ ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ.

"ಶಬ್ದ ಒಳ್ಳೇದುಂಟು," ಎಂದರು. "ಧಾಟಿ ಬದಲಾಯಿಸು. ನೂರು ಧಾಟಿ ಇಲ್ಲವಾ?"

"ಆಗುವುದಿಲ್ಲ ದೊಡ್ಡಕ್ಕ. ಆ ಶಬ್ದ ಆ ಧಾಟಿಯಿಂದಲೇ ಬಂದದ್ದು. ಗಂಡನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಅದರಲ್ಲೇ. ಆವತ್ತು ನನಗೆ ದೇವಸ್ಥಾನ ಸಿಗಲಿಲ್ಲ, ಥಿಯೇಟರು ಸಿಕ್ಕಿತು. ಅಮ್ಮ ಅಲ್ಲಿಗೆ ಬಂದಳು. ಬರಬಾರದಿತ್ತು ಎಂದು ಅವಳಿಗೆ ಹೇಳಲಿಕ್ಕೆ ನಾನು ಯಾರು?"

"ಅದು ಹೊಡೆದಾಟದ ರಾಗ ಮಾರಾಯ್ತಿ!"

"ನವರಾತ್ರಿಯಲ್ಲಿ ಒಂಬತ್ತು ದಿನ ಅಮ್ಮ ಮಾಡುವುದು ಮತ್ತೆ ಎಂಥ?"

ಯಾರೋ ಕಿಸಕ್ಕೆಂದರು. ದೊಡ್ಡಕ್ಕ ನಗಲಿಲ್ಲ. "ಬಿಡುವ ಅಂತ ನಾನು ಹೇಳಿದರೆ?"

"ಹಾಗಾದರೆ ನನ್ನನ್ನೂ ಬಿಡಿ. ಅದನ್ನು ಹೊರಗೆ ನಿಲ್ಲಿಸಿ ನಾನೊಬ್ಬಳೇ ಒಳಗೆ ಬಂದು ಕೂರುವುದಿಲ್ಲ."

ಹೇಳಿದ ಮೇಲೆ ಬಿಡಬೇಕಾದದ್ದನ್ನೆಲ್ಲ ಲೆಕ್ಕ ಹಾಕಿದೆ. ಇಪ್ಪತ್ತು ವರ್ಷದ ಶುಕ್ರವಾರಗಳು, ಆ ಜಮಖಾನ, ಆ ಹನ್ನೊಂದು ಮುಖ. ನನಗೆ ಈ ಊರಿನಲ್ಲಿ ತವರು ಅಂತ ಇದ್ದರೆ ಅದೇ. ಎದ್ದು ಹೋಗುವ ಮೊದಲು ಒಂದು ಸಲ ಹೇಳಿ ಹೋಗುತ್ತೇನೆ ಎಂದುಕೊಂಡು, ತಾಳವಿಲ್ಲದೆ, ಹಾರ್ಮೋನಿಯಂ ಇಲ್ಲದೆ, ನಿಂತಲ್ಲೇ ಶುರು ಮಾಡಿದೆ. ಪಲ್ಲವಿಯನ್ನು ಒಬ್ಬಳೇ ಹೇಳಿದೆ. ಎರಡನೆಯ ಸಲಕ್ಕೆ ಗೆಳತಿಯ ತಾಳ ಸೇರಿತು. ಚರಣಕ್ಕೆ ಇನ್ನು ಕೆಲವರ ದನಿ. ದೊಡ್ಡಕ್ಕನ ತುಟಿ ಅಲುಗಲಿಲ್ಲ, ಕಣ್ಣು ದೇವರ ಫೋಟೋ ಬಿಟ್ಟು ಕದಲಲಿಲ್ಲ.

ಮುಗಿದ ಮೇಲೆ ಅವರು ಕೆಂಪು ಪೆನ್ನಿನಿಂದ "ಪಾರಂಪರಿಕ" ಎಂಬುದನ್ನು ಮಾತ್ರ ಹೊಡೆದುಹಾಕಿದರು. ಅದರ ಜಾಗದಲ್ಲಿ ಏನೂ ಬರೆಯಲಿಲ್ಲ.

"ಆರನೇ ದಿನ," ಎಂದರು. "ಮಂಗಳಾರತಿಯ ಸ್ವಲ್ಪ ಮೊದಲು. ಮೊದಲಿನ ಹಾಗೆ ಶುರುವಿಗೆ ಬೇಡ."

ಮಂಗಳಾರತಿಯ ಮೊದಲು ಎಂದರೆ ಅರ್ಧ ಜನ ಎದ್ದು ಚಪ್ಪಲಿ ಹುಡುಕುವ, ಇನ್ನರ್ಧ ಪ್ರಸಾದದ ತಟ್ಟೆ ಜೋಡಿಸುವ ಹೊತ್ತು. ನನಗೆ ಅದು ತಿಳಿಯದ್ದಲ್ಲ. ಆದರೂ ಆಯಿತು ಎಂದೆ.

"ಮತ್ತೆ ಸ್ವಲ್ಪ ನಿಧಾನ ಹೇಳು. ಅಷ್ಟಾದರೂ ಕೇಳು."

"ನಿಧಾನ ಹೇಳಿದರೆ ಬಿದ್ದವಳು ಏಳುವುದಿಲ್ಲ ದೊಡ್ಡಕ್ಕ."

ಅವರು ಮುಂದಿನ ಹಾಡಿಗೆ ಹೋದರು. ಹೊರಡುವಾಗ ಒಬ್ಬೊಬ್ಬರ ಹಣೆಗೂ ತಾವೇ ಕುಂಕುಮ ಇಡುವುದು ಅವರ ಪದ್ಧತಿ. ನನ್ನ ಸರದಿ ಬಂದಾಗ ಭರಣಿಯನ್ನು ನನ್ನ ಕಡೆ ಚಾಚಿದರು, ಅಷ್ಟೇ. ನಾನೇ ಇಟ್ಟುಕೊಂಡೆ. ಭರಣಿ ಚಾಚಿದರಲ್ಲ, ಅದು ಆ ದಿನದ ಕೃಪೆಗಳ ಲೆಕ್ಕಕ್ಕೆ ಸೇರಿತು. ತಾವೇ ಇಡದಿದ್ದದ್ದು, ಸುಳ್ಳು ಹೇಳಿದವಳಿಗೆ ಅಷ್ಟು ಶಿಕ್ಷೆ ಸಲ್ಲಬೇಕಾದದ್ದೇ. ಆದರೆ ಆರನೆಯ ದಿನ ಯಾರು ಚಪ್ಪಲಿ ಹುಡುಕಿದರೂ, ಯಾರು ತಟ್ಟೆ ಬಡಿದರೂ, ನಾನು ಹೇಳುವುದು ಅದೇ ಓಟದಲ್ಲಿ.

ಸ್ಲೋ ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕಿತು. ಮನೆಯ ಬಾಗಿಲು ತೆರೆಯುತ್ತಲೇ ಯಜಮಾನರು ಕೇಳಿದರು.

"ಭಜನೆ ತೆಗೆದರಾ?"

"ಇಲ್ಲ. ಆರನೇ ದಿನ ಉಂಟು."

ಅವರು ಕನ್ನಡಕ ತೆಗೆದು ಒರೆಸಿದರು. "ನಾಳೆ ಮಧ್ಯಾಹ್ನದ ಶೋ ಎಷ್ಟು ಗಂಟೆಗೆ ಅಂತ ಮಗಳ ಹತ್ತಿರ ಕೇಳು. ಬಿಲ್ಡಿಂಗಿನವರಿಗೆ ಹೇಳುವುದು ಬೇಡ."

ಅಷ್ಟರಲ್ಲಿ ಬಚ್ಚಲಲ್ಲಿ ನಲ್ಲಿ ಕೆಮ್ಮಿದ ಸದ್ದಾಯಿತು. ನಮ್ಮಲ್ಲಿ ಸಂಜೆ ನೀರು ಬರುವುದು ಮುಕ್ಕಾಲು ಗಂಟೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಪೈಪನ್ನು ನಲ್ಲಿಗೆ ಚುಚ್ಚಿ ಡ್ರಮ್ಮಿಗೆ ಬಿಟ್ಟೆ.